ಮುಕ್ಕಾಗದ ಹಲ್ಲು

ಹ್ಯಾನೋವರ್,
ರವಿವಾರ, 8 ಫೆಬ್ರುವರಿ 2026

ಪ್ರೀತಿಯ ಅತ್ತೆಗೆ,

ಮಧುಮತಿಯ ನಮಸ್ಕಾರ. ಹೇಗಿದ್ದೀರಿ? ಮೊಣಕಾಲಿಗೆಂದು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಅದನ್ನೂ ಪಕ್ಕದ ಮನೆ ಅಂಬವ್ವನಿಗೆ ಕೊಟ್ಟುಬಿಟ್ಟಿರೋ? ಓಣಿಗೆಲ್ಲ ಹಂಚುವ ನಿಮ್ಮ ಚಾಳಿ ನನಗೆ ಗೊತ್ತು, ಅದಕ್ಕೇ ಈ ಸಲ ಎರಡು ಟ್ಯೂಬು ಕಳಿಸುತ್ತಿದ್ದೇನೆ. ಜಮಖಂಡಿಯಲ್ಲಿ ಬಿಸಿಲು ಶುರುವಾಗಿರಬೇಕು. ಇಲ್ಲಿ ಬಿಸಿಲು ಕಂಡು ಎಷ್ಟು ದಿನವಾಯಿತೋ. ನಾನು ಆರಾಮಾಗಿದ್ದೇನೆ, ಅಂದರೆ ಏಳು ತಿಂಗಳ ಬಸುರಿ ಎಷ್ಟು ಆರಾಮಾಗಿರಬಹುದೋ ಅಷ್ಟು. ಕಾಲು ಬಾತಿವೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕೂತಲ್ಲೇ ಕಣ್ಣು ಮುಚ್ಚುತ್ತವೆ. ಹೆಬಾಮೆ, ಅಂದರೆ ಇಲ್ಲಿಯ ಸೂಲಗಿತ್ತಿ, ಮನೆಗೇ ಬಂದು ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಹೋಗುತ್ತಾಳೆ. ಕೂಸು ಚೆನ್ನಾಗಿ ಒದೆಯುತ್ತದೆ. ನಿಮ್ಮ ವಂಶದ ಸಿಟ್ಟು ಇರಬೇಕು.

ಫೋನಿರುವಾಗ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನೀವು ಸ್ಪೀಕರ್ ಹಾಕಿಯೇ ಮಾತಾಡುವುದು. ಭಾವನವರು, ಅಕ್ಕ, ಹಾಲು ಕೊಡಲು ಬಂದವಳು, ಎಲ್ಲರೂ ಕೇಳುತ್ತಾರೆ. ಇದು ನಿಮಗೊಬ್ಬರಿಗೇ ಬರೆದದ್ದು. ಇಲ್ಲಿ ಓದುತ್ತಿರುವ ನಿಶ್ಚಿತಾ ಇವತ್ತು ಊರಿಗೆ ಹೊರಟಿದ್ದಾಳೆ, ಹುಬ್ಬಳ್ಳಿಯಿಂದ ಜಮಖಂಡಿಗೇ ಬಂದು ನಿಮ್ಮ ಕೈಗೆ ಕೊಡುತ್ತೇನೆಂದಿದ್ದಾಳೆ. ನೀವು ಸೋದರತ್ತೆಯಾಗಿದ್ದಾಗ ನಾನು ನಿಮ್ಮನ್ನು ನೀನು ತಾನು ಅಂತಲೇ ಕರೆಯುತ್ತಿದ್ದೆ. ಮದುವೆಯಾದ ಮೇಲೆ ಅವ್ವ ಬೈದು 'ನೀವು' ಕಲಿಸಿದಳು. ಹೇಳಬೇಕಾದ ಮಾತು ಆ 'ನೀವು'ಗೆ ತಾಗಿ ತಾಗಿ ನಿಲ್ಲುತ್ತಿದೆ, ಆದರೂ ಬರೆಯುತ್ತೇನೆ.

ನಿಮ್ಮ ಮಗನಿಗೆ ಶೀತವಾಗಿ ಕಿವಿ ನೋಯುತ್ತಿದೆ ಎಂದು ಮೊನ್ನೆ ಹೇಳಿದೆನಲ್ಲ, ಅದು ಶೀತವಲ್ಲ. ಎರಡು ವಾರದ ಹಿಂದೆ ಕೆರೆಯಲ್ಲಿ ಮುಳುಗಿದ್ದಾಗ ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ಕೊಳವೆಯ ಯಂತ್ರ ತಣ್ಣೀರಿಗೆ ಹೆಪ್ಪುಗಟ್ಟಿ, ಬೆನ್ನ ಮೇಲಿನ ಸಿಲಿಂಡರಿನ ಗಾಳಿಯೆಲ್ಲ ಬುಸುಬುಸು ಹೊರಗೆ ಹೋಯಿತಂತೆ. ಜತೆಗಿದ್ದ ಹೋಲ್ಗರ್, ಇವರ ಕಾರ್ಖಾನೆಯವರೇ, ತಮ್ಮ ಬಳಿಯಿದ್ದ ಇನ್ನೊಂದು ಕೊಳವೆಯನ್ನು ಇವರ ಬಾಯಿಗಿಟ್ಟು ಮೇಲಕ್ಕೆ ತಂದರು. ಅವಸರದಲ್ಲಿ ಮೇಲೆ ಬಂದದ್ದಕ್ಕೆ ಕಿವಿಯ ತಮಟೆ ಹರಿದಿದೆ. ಡಾಕ್ಟರು ಕ್ರಾಂಕ್‌ಶ್ರೈಬುಂಗ್ ಬರೆದುಕೊಟ್ಟಿದ್ದಾರೆ, ಕೆಲಸಕ್ಕೆ ರಜೆ. ಮೊನ್ನೆ ಮತ್ತೆ ತೋರಿಸಿದಾಗ, ಕಿವಿ ಪೂರ್ತಿ ಮಾಯುವ ತನಕ ನೀರಿಗೆ ಇಳಿಯಕೂಡದು ಎಂದೂ ಗದರಿಸಿದ್ದಾರೆ. ಇವರು ತಲೆ ಆಡಿಸಿ ಬಂದರು. ಬಂದು, ಕೆಲ್ಲರಿಗೆ, ಅಂದರೆ ನೆಲಮಾಳಿಗೆಗೆ, ಇಳಿದು, ಮುಳುಗುವಾಗ ತೊಡುವ ಆ ರಬ್ಬರಿನ ಅಂಗಿ ತೊಳೆದು ಒಣಗಲು ಹಾಕಿದರು. ನೋವಿಗೆ ಎರಡು ಶನಿವಾರ ತಪ್ಪಿದ್ದವು. ಇದು ಬರುವ ಶನಿವಾರಕ್ಕೆ.

ಈ ಹುಚ್ಚು ಹೇಗೆ ಹತ್ತಿತೆಂದು ನಿಮಗೆ ಅರ್ಧ ಗೊತ್ತು. ನಾವು ಬಾಗರ್‌ಸೇ ಎಂದು ಹೇಳುವುದು ಮರಳು, ಗರಸು ತೆಗೆದು ತೆಗೆದು ಹೊಂಡವಾಗಿ ನೀರು ನಿಂತ ಕೆರೆಗೆ. ಇವರು ಹೋಗುವ ಕೆರೆಗೆ ಎರಡು ತಾಸಿನ ದಾರಿ. ಒಂದೆರಡು ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತಂತೆ. ಶಾರ್ಕ್ ಮೀನುಗಳು ಉದುರಿಸಿದ ಹಲ್ಲುಗಳು ಮರಳಿನಲ್ಲಿ ಹೂತು ಕಲ್ಲಾಗಿ ಕೂತಿವೆ. ಹೋಲ್ಗರ್ ಅಂಥದೊಂದು ಹಲ್ಲನ್ನು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಕಪ್ಪಗೆ, ನುಣ್ಣಗೆ, ತುದಿ ಬಾಗಿದ್ದು. ನೋಡಿದ ಕೂಡಲೇ ಇವರಿಗೆ ಕೂಸಿನ ಕೊರಳಿಗೆ ಕಟ್ಟುವ ನಮ್ಮ ಮನೆಯ ಹುಲಿಯುಗುರು ನೆನಪಾಗಿದೆ. ನಾನು ಬಸುರಿ ಎಂದು ತಿಳಿದ ವಾರವೇ ಅದು. ಅವತ್ತೇ ನಿಮಗೆ ಫೋನು ಮಾಡಿ, ಹುಲಿಯುಗುರಿನ ಬದಲು ಮೀನಿನ ಹಲ್ಲು ನಡೆಯುತ್ತದೆಯೇ ಎಂದು ಕೇಳಿದರು. ನೀವು ನಕ್ಕಿರಿ. ನಕ್ಕು, "ನಡೀತದ ಬಿಡೋ. ಆದ್ರ ಕೊಂಡು ತಂದದ್ದು ಕಟ್ಟಬಾರ್ದು, ಅಪ್ಪನ ಕೈಲಿಂದ ಬರಬೇಕು. ಮುಕ್ಕಾಗಿರಬಾರ್ದು" ಅಂದಿರಿ. ನಿಮ್ಮ ಮಾವನವರ ಕಾಲದಿಂದ ಬಂದ ಮಾತು, ಬಾಯಿಗೆ ಬಂತು, ಹೇಳಿದಿರಿ. ನಿಮ್ಮ ಮಗ ಅದನ್ನು ಕಾರ್ಖಾನೆಯ ನಿಯಮ ಹಿಡಿದಂತೆ ಹಿಡಿದಿದ್ದಾರೆ.

ಅವತ್ತಿನಿಂದ ಶನಿವಾರ ಬಂತೆಂದರೆ ಇವರು ಮನೆಯಲ್ಲಿಲ್ಲ. ನೀರಿನಡಿ ಏನೂ ಕಾಣುವುದಿಲ್ಲವಂತೆ, ಬರೀ ಹಸಿರು ರಾಡಿ. ದೀಪ ಹಿಡಿದು ಹೊಟ್ಟೆಯ ಮೇಲೆ ತೆವಳುತ್ತಾ ಕೈಯಿಂದ ಗರಸು ಕೆದಕಬೇಕು. ಈಜು ಕಲಿಸಿದ ತಪ್ಪು ನಿಮ್ಮದೇ ಅನ್ನಿ. ಬೆನ್ನಿಗೆ ಸೋರೆಬುರುಡೆ ಕಟ್ಟಿ ನಮ್ಮಿಬ್ಬರನ್ನೂ ತೋಟದ ಬಾವಿಗೆ ನೂಕಿ, ಮೆಟ್ಟಿಲ ಮೇಲೆ ಬರಲು ಹಿಡಿದು ನಿಂತವರು ನೀವಲ್ಲವೇ? ಓಣಿಯಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಪಾತಾಳಗರಡಿ ಹುಡುಕುವ ಮೊದಲೇ ಇವರು ಧುಮುಕಿ ತರುತ್ತಿದ್ದರು. ಆಗ ಮೇಲೆ ಬಂದ ಮುಖದಲ್ಲಿ ನಗು ಇರುತ್ತಿತ್ತು. ಈಗ ಸಂಜೆ ತುಟಿ ನೀಲಿ ಮಾಡಿಕೊಂಡು ಬರುತ್ತಾರೆ, ಸಿಕ್ಕಿದ್ದನ್ನು ಬಟ್ಟಲಲ್ಲಿ ತೊಳೆಯುತ್ತಾರೆ, ಭೂತಗನ್ನಡಿ ಹಿಡಿದು ನೋಡುತ್ತಾರೆ, ಕಿಟಕಿಯಲ್ಲಿರುವ ಉಪ್ಪಿನಕಾಯಿ ಬಾಟಲಿಗೆ ಹಾಕುತ್ತಾರೆ. ಇದರ ತುದಿ ಮುರಿದಿದೆ, ಇದರ ಬುಡ ಒಡೆದಿದೆ. ಬಾಟಲಿ ತುಂಬಿದೆ ಅತ್ತೆ. ನಾನು ಊಟಕ್ಕೆ ಬಡಿಸಿಕೊಂಡು ಕಾಯುತ್ತೇನೆ, ಸಾರು ಆರುತ್ತದೆ, ಮತ್ತೆ ಬಿಸಿ ಮಾಡುತ್ತೇನೆ. ಸಿಟ್ಟು ಮಾಡಲು ಮೈಯಲ್ಲಿ ತ್ರಾಣವಿಲ್ಲ.

ದಸರೆಯ ಆಸುಪಾಸಿನಲ್ಲಿ ಒಂದು ಹಲ್ಲು ತಂದಿದ್ದರು. ಹೆಬ್ಬೆರಳಿನಷ್ಟು ಉದ್ದ, ನೇರಳೆಹಣ್ಣಿನ ಬಣ್ಣ. ನಾನೇ ಭೂತಗನ್ನಡಿ ಇಸಿದುಕೊಂಡು ಸುತ್ತ ತಿರುಗಿಸಿ ನೋಡಿದೆ. ಎಲ್ಲೂ ಒಂದು ಮುಕ್ಕಿಲ್ಲ. ಸದ್ಯ ಮುಗಿಯಿತು ಎಂದು ನನಗೆ ಅಳುವೇ ಬಂತು. ಇವರು ಅದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಗೀರಿದರು, ಬಹಳ ಹೊತ್ತು ನೋಡಿದರು. ಆಮೇಲೆ, "ಅಂಚು ಸವದದ ಮಧು, ಇದು ಬ್ಯಾಡ" ಎಂದು ಬಾಟಲಿಗೆ ಹಾಕಿದರು. ಅವತ್ತು ನನಗೆ ತಿಳಿಯಿತು, ಇವರಿಗೆ ಯಾವ ಹಲ್ಲೂ ಸರಿಹೋಗುವುದಿಲ್ಲ ಎಂದು. ಯಾಕೆ ಎಂಬುದೂ ನನಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ನಮ್ಮ ಮೊದಲ ಕೂಸು ಚನ್ನು ಹುಟ್ಟಿದಾಗ ಮಾವನವರ ಹೆಸರಿಟ್ಟೆವು. ನೀವು ಆ ಹುಲಿಯುಗುರನ್ನು ಯಾರದಾದರೂ ಕೈಯಲ್ಲಿ ಕಳಿಸುತ್ತೇನೆಂದಿರಿ; ವಿಮಾನದಲ್ಲಿ ಹಿಡಿದರೆ ತಂದವರು ಜೈಲಿಗೆ ಹೋಗುತ್ತಾರೆ, ಬೇಡ ಎಂದು ಇವರು ಹೇಳಿದರು. ಅದರಲ್ಲಿ ತಪ್ಪೇನಿತ್ತು? ಕಾನೂನು ಹಾಗಿದೆ ಎಂದು ಕೊನೆಗೆ ನೀವೇ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ ಬರಲಿಲ್ಲವೇ? ನಾಲ್ಕನೇ ತಿಂಗಳಲ್ಲಿ ಮಲಗಿದ ಕೂಸು ಏಳಲಿಲ್ಲ. ಡಾಕ್ಟರುಗಳು ಎಲ್ಲ ಪರೀಕ್ಷೆ ಮಾಡಿ, ಕಾರಣವಿಲ್ಲ, ಯಾರಿಂದಲೂ ಏನೂ ಆಗಿಲ್ಲ, ಕೆಲವು ಕೂಸುಗಳು ಹೀಗೆ ಹೋಗುತ್ತವೆ ಎಂದರು. ನಾನು ಹೇಗೋ ಆ ಮಾತನ್ನು ಹಿಡಿದುಕೊಂಡು ಎದ್ದು ನಿಂತೆ. ಇವರೂ ಹಿಡಿದುಕೊಂಡಿದ್ದರು, ಮೀನಿನ ಹಲ್ಲಿನ ಮಾತಿಗೆ ನಿಮಗೆ ಫೋನು ಮಾಡಿದ ಆ ದಿನದವರೆಗೆ.

ಅತ್ತೆ, ನಿಮಗೆ ಫೋನು ಕಟ್ ಮಾಡುವ ರೂಢಿಯಿಲ್ಲ. 'ಇಡ್ತೀನಪ' ಎಂದು ಹೇಳಿ, ಫೋನನ್ನು ದೇವರ ಜಗಲಿಯ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟುಬಿಡುತ್ತೀರಿ. ಅದು ಅಲ್ಲಿಯೇ ಕೂತು ನಿಮ್ಮ ಮನೆಯ ಸದ್ದನ್ನೆಲ್ಲ ನಮಗೆ ಕಳಿಸುತ್ತಿರುತ್ತದೆ. ಹಿರಿಯರು ಇಡುವ ಮೊದಲು ತಾನು ಕಟ್ ಮಾಡಬಾರದೆಂದು ಮಾವನವರು ಕಲಿಸಿದ್ದನ್ನು ನಿಮ್ಮ ಮಗ ಇವತ್ತಿಗೂ ಬಿಟ್ಟಿಲ್ಲ. ನೀವು ದೇವರ ದೀಪ ಹಚ್ಚುವುದು, ಪಾತ್ರೆ ತಿಕ್ಕುವುದು ಎಲ್ಲ ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ಅದೇ ಅವರಿಗೆ ಊರು. ಅವತ್ತೂ ಹಾಗೇ ಕೂತಿದ್ದರು, ನಾನೂ ಪಕ್ಕದಲ್ಲಿದ್ದೆ. ಅಂಬವ್ವ ಮಾತಾಡಿಸಲು ಬಂದಳು. ನೀವು ಅಳುತ್ತಾ ಅಂದಿರಿ, "ಕೊಳ್ಳಾಗ ಆ ಉಗುರು ಇದ್ದಿದ್ರ ನನ್ನ ಕೂಸು ಉಳೀತಿತ್ತು. ನನ್ನ ಮಗನೇ ಬ್ಯಾಡಂದ."

ಇವರು ಫೋನು ಇಡಲಿಲ್ಲ. ನೀವು ದೀಪ ಹಚ್ಚಿದ್ದು, ಅಂಬವ್ವ ಎದ್ದು ಹೋದದ್ದು, ಭಾವನವರು ಬಂದು ಫೋನು ನೋಡಿ ಕಟ್ ಮಾಡಿದ್ದು, ಅಲ್ಲಿಯವರೆಗೂ ಕೂತಿದ್ದರು. ಆಮೇಲೆ ಎದ್ದು ಹೋಲ್ಗರ್‌ಗೆ ಫೋನು ಮಾಡಿ, ಸಿಲಿಂಡರ್ ಕಟ್ಟಿ ಮುಳುಗುವುದನ್ನು ಕಲಿಸಲು ಕೇಳಿದರು.

ನಿಮ್ಮ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಮೊಮ್ಮಗನನ್ನು ಎತ್ತಿ ಆಡಿಸದೆಯೇ ಕಳಕೊಂಡವರು ನೀವು. ದುಃಖದಲ್ಲಿ ಏನೋ ಅಂದಿರಿ. ನಿಜ ಹೇಳಬೇಕೆಂದರೆ ಒಂದು ದಿನ ನನಗೂ ಹಾಗೇ ಅನ್ನಿಸಿತ್ತು, ಇವರ ಮುಖ ನೋಡಲು ಮನಸ್ಸಾಗಿರಲಿಲ್ಲ. ಅದು ಹೋಯಿತು. ಆದರೆ ಇವರು ಆ ಮಾತನ್ನು ಹೊತ್ತುಕೊಂಡು ನೀರಿಗೆ ಇಳಿಯುತ್ತಿದ್ದಾರೆ. ಹೆಂಡತಿ ಹೇಳಿದರೆ, ಡಾಕ್ಟರು ಹೇಳಿದರೆ ತಲೆ ಆಡಿಸುತ್ತಾರೆ. ಹೋಲ್ಗರ್ ನಿನ್ನೆ ಬಂದು ನನ್ನೆದುರೇ, ಕಿವಿ ವಾಸಿಯಾಗುವ ತನಕ ನಿನ್ನ ಜತೆ ಬರುವುದಿಲ್ಲ ಎಂದು ಹೇಳಿ ಹೋದರು. ಇವರು ಒಬ್ಬರೇ ಹೋಗುವ ಲೆಕ್ಕದಲ್ಲಿದ್ದಾರೆ. ಒಬ್ಬರೇ, ಆ ರಾಡಿಯೊಳಗೆ, ಹರಿದ ಕಿವಿಯಲ್ಲಿ. ನನಗೆ ಇನ್ನೊಂದು ಸಾವು ತಡೆಯುವ ಶಕ್ತಿ ಇಲ್ಲ ಅತ್ತೆ. ಹೆರುವ ಹೊತ್ತಿಗೆ ಇವರು ನನ್ನ ಪಕ್ಕದಲ್ಲಿರಬೇಕು. ಅಷ್ಟು ಬಿಟ್ಟು ನನಗೆ ಬೇರೇನೂ ಬೇಡ. ಹೇಗಾದರೂ ಮಾಡಿ ಇವರನ್ನು ನಿಲ್ಲಿಸಿ.

ಭಾವನವರಿಗೂ ಅಕ್ಕನಿಗೂ ನಮ್ಮ ನೆನಪು ತಿಳಿಸಿ. ಮುಲಾಮು ಹಚ್ಚಿಕೊಳ್ಳಿ. ಬಾಗಿ ನಿಮ್ಮ ಕಾಲು ಮುಟ್ಟಲು ಈಗ ಹೊಟ್ಟೆ ಬಿಡುವುದಿಲ್ಲ, ಕೂತಲ್ಲಿಂದಲೇ ಮುಟ್ಟಿದೆ ಎಂದು ತಿಳಿಯಿರಿ.

ನಿಮ್ಮ ಸೊಸೆ,
ಮಧುಮತಿ

ತಾ.ಕ.: ನಿಶ್ಚಿತಾ ಕೆಳಗಿನಿಂದ ಬೆಲ್ ಒತ್ತುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಪ್ರತಿ ಸಲ 'ಮೊಮ್ಮಗ' ಎನ್ನುತ್ತೀಯ ಅತ್ತೀ. ಹೆಣ್ಣು. ಇಲ್ಲಿ ಡಾಕ್ಟರು ಹೇಳುತ್ತಾರೆ, ನನಗೆ ಹೇಳಿದ್ದಾರೆ, ಇವರಿಗೆ ನಾನಿನ್ನೂ ಹೇಳಿಲ್ಲ. ನಮ್ಮ ಮನೆಯಲ್ಲಿ ಹೆಣ್ಣು ಕೂಸಿಗೆ ಉಗುರು ಕಟ್ಟುವುದಿಲ್ಲವಲ್ಲ. ಹೇಳಿದರೆ ಇವತ್ತೇ ನೀರಿಗೆ ಇಳಿಯುವುದನ್ನು ಬಿಡುತ್ತಾರೆ. ಬಿಟ್ಟು, ಕೂಸನ್ನು ಕಾಯಲು ಉಗುರೂ ಇಲ್ಲ, ಹಲ್ಲೂ ಇಲ್ಲವೆಂದು ತೊಟ್ಟಿಲ ಪಕ್ಕದಲ್ಲಿ ನಿದ್ದೆಗೆಟ್ಟು ಕೂರುತ್ತಾರೆ. ಅದಾಗುವುದು ಬೇಡ. ದಸರೆಯಲ್ಲಿ ಸಿಕ್ಕ ಆ ಹಲ್ಲನ್ನು ಬಾಟಲಿಯಿಂದ ತೆಗೆದು ಹತ್ತಿಯಲ್ಲಿ ಸುತ್ತಿ ಇದರಲ್ಲಿ ಇಟ್ಟಿದ್ದೇನೆ, ಬೆಳ್ಳಿಯಲ್ಲಿ ಕಟ್ಟಿಸು, ನನ್ನ ಮಗಳಿಗೆ. ಇನ್ನೊಂದು ಕೆಲಸ. ಶನಿವಾರಕ್ಕೆ ಮೊದಲು ಇವರಿಗೆ ಫೋನು ಮಾಡು. ಇವರಿಗೆ ನೇರ ಏನೂ ಹೇಳಬೇಡ, ಸಮಾಧಾನಕ್ಕೆ ಹೇಳುತ್ತೀಯ ಅಂದುಕೊಳ್ಳುತ್ತಾರೆ. ಕಾಲು, ಮುಲಾಮು ಅಂತ ಮಾತಾಡಿ, 'ಇಡ್ತೀನಪ' ಎಂದು ಫೋನನ್ನು ಮಾಡದಲ್ಲಿಡು. ಆಮೇಲೆ ಅಂಬವ್ವನನ್ನು ಕರೆದು ಕೂರಿಸಿಕೊಂಡು ಹೇಳು, ಉಗುರು ಇದ್ದಿದ್ದರೂ ಕೂಸು ಉಳಿಯುತ್ತಿರಲಿಲ್ಲ, ನನ್ನ ಮಗನ ತಪ್ಪು ಏನೂ ಇಲ್ಲ ಎಂದು. ನಿನಗೆ ಹಾಗನ್ನಿಸದಿದ್ದರೂ ಹೇಳು. ಇವರು ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ಭಾವನವರಿಗೆ ಫೋನು ಮುಟ್ಟಬೇಡ ಅನ್ನು.