ಬೆಟ್ಟದ ದಾರಿಗೆ ಅಮ್ಮನ ತಿದ್ದುಪಡಿ

ಬೋಡಿ
ಮಾರ್ಚ್ 9, ಭಾನುವಾರ

ನನ್ನ ಕಣ್ಣು ಸೆಲ್ವಿಗೆ,

ಅಮ್ಮ ಬರೆಯುತ್ತಿರುವುದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧದಲ್ಲೇ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದು ಮರೆತು ಏನು ಅಡುಗೆ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಎಂದಿನಂತೆ ನಮ್ಮ ಮನೆಮಾತು ಕನ್ನಡವನ್ನು ತಮಿಳು ಅಕ್ಷರದಲ್ಲೇ ಬರೆದಿದ್ದೇನೆ, ಜೋರಾಗಿ ಓದಿಕೊ.

ಜೂನ್‌ನಲ್ಲಿ ನಾನು ಅಲ್ಲಿಗೆ ಬಂದಾಗ ಒಂದು ಇಡೀ ದಿನ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯೋಣ ಅಂತ ನೀನು ಮಾಡಿ ಕಳಿಸಿದ ಪಟ್ಟಿಯನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ತೆಗೆಸಿದೆ. ನಲವತ್ತೆಂಟು ಕಿಲೋಮೀಟರ್, ಮೂರು ಏರು, ನಾಲ್ಕು ಹಳ್ಳಿ, ಒಂದು ಕೆರೆ. ನಾಲ್ಕು ದಿನದಿಂದ ಅದು ನನ್ನ ತಲೆದಿಂಬಿನ ಕೆಳಗೇ ಇದೆ. ಓದುವುದಕ್ಕೆ ಚೆನ್ನಾಗಿದೆ. ಆದರೆ ಬೆಟ್ಟದ ಬುಡದಲ್ಲಿ ಹುಟ್ಟಿದವಳು ಮಾಡಿದ ಪಟ್ಟಿಯ ಹಾಗಿಲ್ಲ.

ಎಂಟು ಗಂಟೆಗೆ ಹೊರಡುವುದು ಅಂತ ಬರೆದಿದ್ದೀಯ. ಇಲ್ಲಿ ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರು ಎಂಟು ಗಂಟೆಗೆ ಅರ್ಧ ಸಾಲು ಮುಗಿಸಿರುತ್ತಾರೆ. ಆರಕ್ಕೆ ಹೊರಡೋಣ. ಆಮೇಲೆ, ದೊಡ್ಡ ಏರನ್ನು ಊಟ ಆದ ಮೇಲೆ ಇಟ್ಟಿದ್ದೀಯ. ಹೊಟ್ಟೆ ತುಂಬ ತಿಂದು ನಮ್ಮ ಬೋಡಿಮೆಟ್ಟು ಘಾಟಿ ಹತ್ತಿ ನೋಡು, ಮೂರನೇ ತಿರುವಿನಲ್ಲೇ ಕೂತುಬಿಡುತ್ತೀಯ. ಅದನ್ನು ಬೆಳಗ್ಗೆಗೆ ತಾ. ಇಳಿಜಾರಿನ ತಿರುವಿನಲ್ಲಿ ಬ್ರೇಕನ್ನು ಒಂದೇ ಸಲ ಒತ್ತಬಾರದು, ಬಿಟ್ಟು ಬಿಟ್ಟು ಹಿಡಿಯಬೇಕು. ಭಾನುವಾರ ಮಧ್ಯಾಹ್ನ ಆ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರುತ್ತದೆ ಅಂತ ನೀನೇ ಬರೆದು, ಬ್ರೆಡ್ಡು ಚೀಸು ಸಾಕು ಅಂದಿದ್ದೀಯ. ಸಾಲದು. ನಾನು ಹುಳಿಯನ್ನ ಕಟ್ಟಿಕೊಳ್ಳುತ್ತೇನೆ.

ಈ ಊಟದ ಸಾಲಿನಲ್ಲೇ ನೀನು ಸಿಕ್ಕಿಬಿದ್ದದ್ದು. ದಾರಿ ಗೊತ್ತಿರುವ ಕೊಲೀಗ್ ಒಬ್ಬ ಜೊತೆಗೆ ಬರುತ್ತಾನೆ, ಹೆಸರು ಬಾಸ್ತಿಯೆನ್ ಅಂತ ಒಂದೇ ಸಾಲು ಬರೆದು ದಾಟಿಕೊಂಡಿದ್ದೀಯ. ಕೆಳಗೆ ಬಂದರೆ ಬಾಸ್ತಿಯೆನ್‌ಗೆ ಕಡಲೆಕಾಯಿ ಆಗುವುದಿಲ್ಲ, ಬಾಸ್ತಿಯೆನ್‌ಗೆ ಈಗ ಖಾರ ಅಭ್ಯಾಸ ಆಗಿದೆ, ಬಾಸ್ತಿಯೆನ್‌ಗೆ ಅಮ್ಮನ ಕೈಯ ಟೀ ಕುಡಿಯಬೇಕಂತೆ. ನೀನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಪಕ್ಕದ ಮೇಜಿನವನ ಹೊಟ್ಟೆಯ ಸಮಾಚಾರವನ್ನು ಯಾರು ಇಷ್ಟು ನೆನಪಿಟ್ಟುಕೊಳ್ಳುತ್ತಾರೆ, ಹೇಳು. ನಾನು ನಿನ್ನ ಹೆತ್ತವಳು ಕಣೇ.

ಅವತ್ತು ಕೋಪ ಬಂತು. ಅವನು ಯಾರು, ಯಾವ ಜನ ಅನ್ನುವುದಕ್ಕಿಂತ ನನಗೆ ನಿನ್ನ ಮಾಮನದೇ ಯೋಚನೆ. ನೀನು ದೊಡ್ಡವಳಾದಾಗ ನನ್ನ ತಮ್ಮ ರಾಮ್‌ಕುಮಾರ್ ಉತ್ತಮಪಾಳಯದಿಂದ ಹಸಿ ತೆಂಗಿನ ಗರಿ ಹೊತ್ತು ತಂದು ತನ್ನ ಕೈಯಾರೆ ನಿನಗೆ ಗುಡಿಸಲು ಕಟ್ಟಿದ. ಎಲ್ಲರ ಎದುರಿಗೆ, ಇವಳು ನನ್ನ ಮಗ ಮನೋಜ್‌ಗೆ ಅಂದ. ನಾನು ಅವನ ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಂಡೆ. ನಮ್ಮಲ್ಲಿ ಎಲೆ ಎತ್ತಿಕೊಂಡರೆ ಮಾತು ಕೊಟ್ಟ ಹಾಗೆ. ಹದಿಮೂರು ವರ್ಷದ ಹುಡುಗಿಯನ್ನು ಒಂದು ಮಾತು ಕೇಳಬೇಕು ಅಂತ ನನಗೆ ಆಗ ತೋಚಲಿಲ್ಲ, ಅದು ನನ್ನ ತಪ್ಪು. ನಿನ್ನಪ್ಪ ಹೋದ ಮೇಲೆ ನಮ್ಮ ಬೆನ್ನಿಗೆ ನಿಂತವನೂ ಅವನೇ. ಕೊಟ್ಟ ಮಾತು ಮುರಿದರೆ ತಮ್ಮ ಉಳಿಯುತ್ತಾನಾ, ಮುರಿಯದಿದ್ದರೆ ಮಗಳು ಉಳಿಯುತ್ತಾಳಾ ಅಂತ ಒದ್ದಾಡಿಬಿಟ್ಟೆ.

ನಿನ್ನೆ ಬಸ್ಸು ಹತ್ತಿ ಅವನ ಮನೆಗೆ ಹೋದೆ. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಜೋಡಿಸಿ ಅವನ ಮುಂದಿಟ್ಟು, ಅವತ್ತಿನ ಮಾತು ನನಗೆ ವಾಪಸ್ ಕೊಡು ತಮ್ಮಾ ಅಂದೆ. ನಿನ್ನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು, "ಸೆಲ್ವಿ ಪಾಪಾ ಬ್ಯಾಡಾಂದ್ರೆ ನಾನೇನ್ ಕಟ್ಟಾಯ, ಬಲವಂತ ಮಾಡ್ತೀನಾ ಅಕ್ಕಾ, ಇದ್ಕಾ ಬಸ್ಸತ್ತಿ ಬಂದೆ?" ಅಂದ. ಒಳಗಿನಿಂದ ಮನೋಜ್ ಬಂದು, "ಅತ್ತೇ, ನಂಗೂ ಸೆಲ್ವೀಂದ್ರೆ ಬಯ" ಅಂದಾಗ ನಾನು ನಕ್ಕುಬಿಟ್ಟೆ. ತಮ್ಮ ನಗಲಿಲ್ಲ. ಎಲೆಯನ್ನು ಎತ್ತಿ ನನ್ನ ಕೈಗೇ ಇಟ್ಟ. ಬಸ್‌ಸ್ಟಾಪಿನವರೆಗೂ ಬಂದು ಬಸ್ಸು ಹೊರಡುವ ತನಕ ನಿಂತಿದ್ದ. ಅವನಿಗೆ ನೋವಾಗಿದೆ. ಈ ವಾರ ನೀನಾಗಿ ಫೋನ್ ಮಾಡಿ ಬಾಯಿ ತುಂಬ ಮಾಮಾ ಅಂತ ಕರೆ. ಅವನಾಗಿ ಕೇಳುವ ತನಕ ಆ ಹುಡುಗನ ಹೆಸರು ಎತ್ತಬೇಡ.

ಇನ್ನು ಬಾಸ್ತಿಯೆನ್ ವಿಷಯ. ನಾನು ಒಪ್ಪಿದೆ ಅಂತ ಬರೆಯುತ್ತಿಲ್ಲ, ಈಗಲೇ ಕುಣಿಯಬೇಡ. ಒಂದು ದಿನ ಜೊತೆಯಲ್ಲಿ ಬೆಟ್ಟ ಹತ್ತಿ ಇಳಿದರೆ ಮನುಷ್ಯ ಎಂಥವನು ಅಂತ ತಿಳಿಯುತ್ತದೆ. ಏರಿನಲ್ಲಿ ಹಿಂದುಳಿದವರಿಗಾಗಿ ನಿಲ್ಲುತ್ತಾನಾ, ದಣಿದಾಗ ಸಿಡುಕುತ್ತಾನಾ, ನೀನು ಮಾತಾಡುವಾಗ ಕೇಳಿಸಿಕೊಳ್ಳುತ್ತಾನಾ, ಎಲ್ಲ ನೋಡುತ್ತೇನೆ. ಆದರೆ ನಿನ್ನ ಮೇಲೆ ಈಗ ಕೋಪ ಇಲ್ಲ ಮಗಳೇ. ಮೂರು ವರ್ಷದಿಂದ ನಿನ್ನನ್ನು ಫೋನಿನಲ್ಲೇ ನೋಡಿ ನೋಡಿ ನನಗೆ ಸಾಕಾಗಿದೆ. ನಿನ್ನ ತಲೆಗೆ ಎಣ್ಣೆ ಹಚ್ಚಬೇಕು ಅಂತ ಕೈ ಕಾಯುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಅಳಗಮ್ಮಾಳ್

ಮತ್ತೆ: ಕವರು ಅಂಟಿಸುವ ಮೊದಲು ಇದೊಂದು ಹೇಳಿಬಿಡುತ್ತೇನೆ. ನನಗೆ ಸೈಕಲ್ ಬರುವುದಿಲ್ಲ. ನೀನು ಆರನೇ ಕ್ಲಾಸಿನಲ್ಲಿ ಬಿದ್ದು ಮಂಡಿ ತರಚಿಕೊಂಡು, ಇನ್ನು ಸೈಕಲ್ ಮುಟ್ಟುವುದಿಲ್ಲ ಅಂತ ಅತ್ತಾಗ, ನಾನೂ ಹೀಗೇ ಬಿದ್ದು ಬಿದ್ದು ಕಲಿತವಳು ಅಂತ ಬಾಯಿಗೆ ಬಂದದ್ದು ಹೇಳಿದೆ. ಮಾರನೇ ದಿನ ನೀನು ಮತ್ತೆ ಹತ್ತಿದೆ, ಆಮೇಲೆ ಆ ಸುಳ್ಳನ್ನು ವಾಪಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ನನಗೆ ಗೊತ್ತಿರುವುದೆಲ್ಲ ನಿನ್ನಪ್ಪನ ಹಿಂದೆ ಕೂತು ನೋಡಿದ್ದು. ಅದಕ್ಕೇ ನನಗಾಗಿ ಬೇರೆ ಸೈಕಲ್ ಹೇಳಬೇಡ. ಆ ಹುಡುಗನಿಗೆ ಹೇಳಿ ಅವನ ಸೈಕಲ್ಲಿಗೆ ಗಟ್ಟಿಯಾದ ಒಂದು ಕ್ಯಾರಿಯರ್ ಹಾಕಿಸು. ನಾನು ಅವನ ಹಿಂದೆ ಕೂರುತ್ತೇನೆ.