ತಾಯಿಗಿಡದ ಮೇಲಿನ ಅಪವಾದ

ಗಾಜಿನ ಮನೆಯ ಹಿಂದಿನ ಕೋಣೆ,
ಸೋಮವಾರ, ಮಾರ್ಚ್ ೯

ನನ್ನ ಅಕ್ಕಾ,

ಹೇಗಿದ್ದೀಯಾ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ದಿನವಿಡೀ ಬಟ್ಟೆಯಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೈಗೆ ವಿಶ್ರಾಂತಿ ಎಲ್ಲಿ ಸಿಗಬೇಕು! ಅಮ್ಮ ಚೆನ್ನಾಗಿದ್ದಾಳೆ. ನಾನು ಎಂದಿನಂತೆ ಔಷಧ ಕಂಪನಿಗೆ ಕಳಿಸುವ ಗಾಂಜಾ ಹೂಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣು ಹಾಳುಮಾಡಿಕೊಳ್ಳುತ್ತಿದ್ದೇನೆ.

ಈ ಪತ್ರ ಬರೆಯಲು ಹೇಳಿದವರು ಅಪ್ಪ. ನೀನು ಹೋದಮೇಲೆ ಅವರು ಹೊರಗಿನಿಂದ ತಂದ ಮೂರು ತಳಿಗಳೂ ಕೈಕೊಟ್ಟಿವೆ. “ವಾಪಸ್ ಬರೋಕೆ ಹೇಳು. ಆಗಿದ್ದೆಲ್ಲಾ ಕ್ಷಮಿಸಿದೀನಿ ಅಂತ ಬರಿ” ಅಂದರು. ಕ್ಷಮೆಯಂತೆ! ಆರು ವರ್ಷ ಆರಿಸಿ ಆರಿಸಿ ನೀನು ಬೆಳೆಸಿದ ತಾಯಿಗಿಡವನ್ನು, ಅದರ ಕಡ್ಡಿ ನೆಟ್ಟು ಬೆಳೆಸಿದ ಗಿಡಗಳ ಹೂಗಳಲ್ಲಿ ಔಷಧಕ್ಕೆ ಬೇಕಾದ ರಾಳ ಕಟ್ಟಲಿಲ್ಲವೆಂದು ಬೇರುಸಹಿತ ಕಿತ್ತೆಸೆದು, “ತಳೀನೇ ಸರಿಯಿಲ್ಲ, ಇವಳಿಗೆ ಕಣ್ಣೇ ಇಲ್ಲ” ಎಂದು ಕೆಲಸದವರೆಲ್ಲರ ಮುಂದೆ ಹೇಳಿದವರು ಯಾರು? ನೀನು ಅದನ್ನು ನಂಬಿ ತಲೆತಗ್ಗಿಸಿ ನಡೆದುಬಿಟ್ಟೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೂ ಇದೆ.

ಆದರೆ ಆ ತಾಯಿಗಿಡದ ಒಂದು ಕಡ್ಡಿಯನ್ನು ಗುಟ್ಟಾಗಿ ನೆಟ್ಟು ಉಳಿಸಿಕೊಂಡಿದ್ದೆ. ಈ ವರ್ಷ ಅದರಿಂದಲೇ ಹತ್ತು ಗಿಡ ಮಾಡಿದೆ. ಹೂ ಬಿಡುವ ಕಾಲಕ್ಕೆ ಗಿಡಕ್ಕೆ ದಿನಕ್ಕೆ ಹನ್ನೆರಡು ಗಂಟೆ ಅಪ್ಪಟ ಕತ್ತಲೆ ಬೇಕೆಂದು ನನಗೆ ಕಲಿಸಿದವಳು ನೀನೇ ತಾನೇ? ನಮ್ಮ ಹೂಕೋಣೆಯ ಗೋಡೆಯಲ್ಲಿ, ಫ್ಯಾನಿನ ವೈರಿಗೆಂದು ಅಪ್ಪ ಕೊರೆದ ತೂತೊಂದಿದೆ. ಆಚೆ ರಾತ್ರಿಯಿಡೀ ಉರಿಯುವ ಪ್ಯಾಕಿಂಗ್ ಕೋಣೆಯ ಟ್ಯೂಬ್‌ಲೈಟ್. ಐದು ಗಿಡಗಳನ್ನು ಆ ತೂತಿನೆದುರು ಇಟ್ಟೆ, ಐದನ್ನು ದಪ್ಪ ಕಪ್ಪು ಪರದೆಯ ಹಿಂದೆ. ಒಂದೇ ತಾಯಿ, ಒಂದೇ ನೀರು, ಒಂದೇ ಗೊಬ್ಬರ. ಪರದೆಯ ಹಿಂದಿನ ಹೂಗಳಲ್ಲಿ ರಾಳಗ್ರಂಥಿಗಳು ಗುಂಡುಸೂಜಿಯ ತಲೆಗಳಂತೆ ಒತ್ತೊತ್ತಾಗಿ ತುಂಬಿವೆ. ತೂತಿನೆದುರಿನವು ಅಂದಿನ ಹಾಗೇ ಬೋಳು ಬೋಳು. ರಾಳ ಕಟ್ಟುವ ಶಕ್ತಿ ನಿನ್ನ ತಳಿಯಲ್ಲಿ ಇತ್ತು ಅಕ್ಕಾ, ಕಟ್ಟಲು ಬಿಡದಿದ್ದದ್ದು ಆ ಕೋಣೆ. ನಿನ್ನ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ.

ಅಪ್ಪ ಹೇಳಿದ್ದನ್ನು ತಿಳಿಸಿದ್ದೇನೆ. ಅಮ್ಮನ ಆಶೀರ್ವಾದ. ಕೈಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಮರೆತದ್ದೇನೂ ಅಲ್ಲ, ಬರೆಯಲು ಕೈ ಬರಲಿಲ್ಲ. ನಾನು ನೋಡುವ ಹೊತ್ತಿಗೆ ಆ ತೂತಿಗೆ ಕಪ್ಪು ಟೇಪು ಅಂಟಿಸಿತ್ತು. ಪರೀಕ್ಷೆಗೆಂದು ನಾನೇ ಕಿತ್ತೆ. ಏನೇ ರಿಪೇರಿ ಮಾಡಿದರೂ ಅಪ್ಪ ಮೇಲೆ ತಾರೀಖು ಬರೆಯುತ್ತಾರಲ್ಲ, ಟೇಪಿನ ಮೇಲೂ ಸುಣ್ಣದಕಡ್ಡಿಯಲ್ಲಿ ಅವರದೇ ಅಕ್ಷರ. ತಾರೀಖು ನಿನ್ನ ತಾಯಿಗಿಡವನ್ನು ಕಿತ್ತ ದಿನದ ಹಿಂದಿನ ದಿನದ್ದು. ತಪ್ಪು ತೂತಿನದೆಂದು ಗೊತ್ತಿದ್ದೂ ಕಿತ್ತರು. ಬರಬೇಡ ಅಕ್ಕಾ.