ಸೊಸೈಟಿಯ ಒಂದೇ ಜಾಗ

೧೨ ಮೇ ೧೯೩೮, ಹಾನಗಲ್
ಮತ್ತೆ ಅರ್ಜಿ ತಿದ್ದಿದೆ. ಅಕ್ಕಿಆಲೂರಿನ ಸಹಕಾರಿ ಸೊಸೈಟಿಗೆ ಕಾರಕೂನ ಬೇಕು. ಒಂದೇ ಜಾಗ. ಬಿ.ಎ. ರಿಸಲ್ಟು ಇನ್ನೂ ಬಂದಿಲ್ಲ, ಆದರೆ ಚಿಂತೆಯಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಎಲ್ಲರದೂ ಒಂದೇ ಮಾತು — ಗ್ರಾಜುಯೇಟನನ್ನು ನೌಕರಿಯೇ ಹುಡುಕಿಕೊಂಡು ಬರುತ್ತದೆ. ಚಿಂತೆ ಮಜೀದನದು. ನನ್ನ ಕ್ಲಾಸಿನವನೇ, ಅವನದೂ ಅರ್ಜಿ ಇದೆ. "ನಿನಗ ಸಿಕ್ಕರ ನನಗ ಸಿಕ್ಕಂಗ" ಅನ್ನುತ್ತಾನೆ. ಇಷ್ಟು ಒಳ್ಳೆಯತನ ಯಾಕೆ?

೧೯ ಮೇ
ಅರ್ಜಿ ಕೊಡಲು ಅಕ್ಕಿಆಲೂರಿಗೆ ಹೋಗಿದ್ದೆ. ಸೊಸೈಟಿ ಚೇರ್ಮನ್ ಗುತ್ತೆಪ್ಪನವರ ಮನೆಗೆ ಮಜೀದ ಎಲೆಬುಟ್ಟಿ ಹೊತ್ತು ಹೊಕ್ಕಿದ್ದನ್ನು ಕಣ್ಣಾರೆ ಕಂಡೆ. ಅವನ ಅಪ್ಪ ಸವಣೂರಿನ ವೀಳ್ಯದೆಲೆ ಮಾರುವವನು... ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ.

೨೦ ಮೇ
ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿಯೇಬಿಟ್ಟೆ. "ಚೇರ್ಮನ್ನರಿಗೆ ಎಲಿ ತಿನ್ನಿಸಿ ಜಾಗ ಹೊಡೀತೀಯೇನು?"
ಮಜೀದನ ಮುಖ ಸಣ್ಣದಾಯಿತು. "ಆ ಎಲಿ ನಿಮ್ಮಪ್ಪಾರು ತಗೊಂಡು ಕಳಿಸಿದ್ದೋ. ಏನೋ ಶಾಸ್ತ್ರ ಐತಿ ಅಂದ್ರು. ನಿನಗ ಗೊತ್ತಿಲ್ಲೇನು?"
ಮನೆಗೆ ಬಂದು ಅವ್ವನನ್ನು ಕೇಳಿದೆ. ಒಲೆ ಬಿಟ್ಟು ತಿರುಗಲಿಲ್ಲ. "ಗುತ್ತೆಪ್ಪನವರ ಮಗಳು ಶಾರವ್ವನ್ನ ನಿನಗ ತರೂದು ಅಂತ ಮಾತಾಗೇತಿ. ನಿನ್ನೆ ಸಂಜಿಗೆ ಎಲಿ-ಅಡಿಕಿ ಹಿಡಿದು ನಿಶ್ಚಯ ಮಾಡಿದ್ರು. ಇನ್ನ ಹಿಂದ ಸರಿಯಾಕ ಬರಂಗಿಲ್ಲಪ್ಪ. ನೌಕರಿ ಅವರ ನೋಡ್ಕೋತಾರ."
ಹಾಗಾದರೆ ನನ್ನ ಅರ್ಜಿ? ನಾಚಿಕೆಯಾಯಿತು. ಆದರೂ ಬೇಡ ಅನ್ನಲಿಲ್ಲ. ರಿಸಲ್ಟು ಬರಲಿ, ಪಾಸಾದರೆ ಯಾರ ಹಂಗೂ ಇಲ್ಲ. ಆಗ ಹೇಳುತ್ತೇನೆ.

೧೪ ಜೂನ್
ಪೇಪರು ಬಂತು. ಮಜೀದ ಪಾಸು, ಸೆಕೆಂಡ್ ಕ್ಲಾಸು. ನನ್ನ ನಂಬರಿಲ್ಲ.

೧೬ ಜೂನ್
ಗುತ್ತೆಪ್ಪನವರು ಬಂದಿದ್ದರು. ಫೇಲಾದ ಮಾತನ್ನೇ ಎತ್ತಲಿಲ್ಲ. "ಸೋಮವಾರದಿಂದ ಕೆಲಸಕ್ಕ ಬರ್ರಿ, ಅಳಿಯಂದಿರ" ಅಂದರು. ಅಪ್ಪ ನಕ್ಕ, ಅವ್ವ ನಕ್ಕಳು. ನನ್ನನ್ನು ನೋಡಿಯೇ ನಗುತ್ತಿದ್ದಾರೆ ಅನ್ನಿಸಿತು. ಜಾಗ ನನಗೆ ಹೋಯಿತೆಂದು ಮಜೀದನಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ನಾನಂತೂ ಹೇಳಿಲ್ಲ.

೨೦ ಜೂನ್, ಸೋಮವಾರ ಸಂಜೆ
ಕೆಲಸಕ್ಕೆ ಸೇರಿದೆ. ಮಧ್ಯಾಹ್ನ ಮಜೀದ ಆಫೀಸಿಗೆ ಬಂದ. ಇಸ್ತ್ರಿ ಕೋಟು, ಕೈಯಲ್ಲಿ ಸರ್ಟಿಫಿಕೇಟು. ಇಂಟರ್‌ವ್ಯೂಗೆ ಇವತ್ತೇ ಕರೆದಿದ್ದರಂತೆ, ಬರಬೇಡ ಅಂತ ತಿಳಿಸುವುದನ್ನು ಮರೆತಿದ್ದಾರೆ. ನನ್ನನ್ನು ಕಂಡು ಅವನ ಮುಖ ಅರಳಿತು. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ನಾನು ಅಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇಲ್ಲ ಅವನು.
"ನಿನ್ನನ್ನೂ ಕರದಾರೇನು? ಛಲೋ ಆತು" ಅಂದ. "ಒಳಗ ಯಾರು ಕೇಳ್ತಾರೋ, ಏನೇನು ಕೇಳ್ತಾರ?"
ನಾನು ಅವನಿಗೆ ನನ್ನ ಕುರ್ಚಿ ಕೊಟ್ಟು, "ಇಂಟರ್‌ವ್ಯೂ ಇಲ್ಲೋ, ಆ ಜಾಗ ನನಗ ಕೊಟ್ಟಾರ" ಅಂದೆ.